ಸೆಕೆಂಡಿಗೆ 375 ಗಡುವು

ಒಂದು ಸೆಕೆಂಡಿನಲ್ಲಿ 375 ಸಲ ಕೆಲಸ ಮುಗಿಸಿ ಒಪ್ಪಿಸಬೇಕು. ಒಂದೇ ಒಂದು ಸಲ ತಡವಾದರೂ ಕಿವಿಗೆ ಗೊತ್ತಾಗಿಬಿಡುತ್ತದೆ. ಆಲಾಪದ ನಡುವೆ 'ಚಟ್' ಎಂದು ಒಂದು ಸದ್ದು ಬಂತೆಂದರೆ ಆ ಟೇಕ್ ಹೋಯಿತು. ನಾವು ಒಮ್ಮೆ ರೆಪ್ಪೆ ಬಡಿಯುವಷ್ಟರಲ್ಲಿ ಇಂಥ ಹತ್ತಾರು ಗಡುವುಗಳು ಬಂದು ಹೋಗಿರುತ್ತವೆ. ಇದನ್ನು ಗಂಟೆಗಟ್ಟಲೆ, ಒಂದೂ ತಪ್ಪದೆ ಮಾಡುತ್ತಿರುವುದು ಎಂಥ ಯಂತ್ರ ಗೊತ್ತೇ? ಯಾವುದೋ ಕಂಪನಿಯಲ್ಲಿ ವರ್ಷಾನುಗಟ್ಟಲೆ ಎಕ್ಸೆಲ್ ಶೀಟು ತೆರೆದು ಮುಚ್ಚಿ, ಕೊನೆಗೆ ಲಾಟಿನಲ್ಲಿ ಹರಾಜಾಗಿ, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯ ಕಪಾಟಿನಲ್ಲಿ ತನ್ನಂಥ ನಲವತ್ತು ಲ್ಯಾಪ್‌ಟಾಪುಗಳ ಅಡಿಯಲ್ಲಿ ಬಿದ್ದಿದ್ದ ಒಂದು ಹಳೆಯ ಥಿಂಕ್‌ಪ್ಯಾಡ್!

ಮನೆಯಲ್ಲೇ ಹಾಡು ರೆಕಾರ್ಡ್ ಮಾಡಲು ಕಂಪ್ಯೂಟರ್ ಬೇಕೆಂದರೆ ಲಕ್ಷ ರೂಪಾಯಿಯ ಮಾತು ಎಂದೇ ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೆಂದುಕೊಂಡೇ ವಿಚಾರಿಸಲು ಹೊರಟಿದ್ದೆ. ಹುಡುಕುತ್ತ ಹೋದಂತೆ ಒಂದೊಂದು ಬಾಗಿಲೂ ಒಂದೊಂದು ಬೆರಗಿಗೆ ತೆರೆದುಕೊಂಡಿತು. ಮೊದಲನೆಯದು ಇದು: ಸಂಗೀತಕ್ಕೆ ಬೇಕಾದ ಕಂಪ್ಯೂಟರು ಓಟಗಾರನಾಗಿರಬೇಕಿಲ್ಲ, ಹೊತ್ತಿಗೆ ಸರಿಯಾಗಿ ಬಂದು ನಿಲ್ಲುವವನಾದರೆ ಸಾಕು.

ಲೆಕ್ಕ ನೋಡಿ, ಎಷ್ಟು ಸೊಗಸಾಗಿದೆ. ಮೈಕಿಗೆ ಬಡಿದ ಧ್ವನಿಯ ಅಲೆಯನ್ನು ಸೆಕೆಂಡಿಗೆ 48,000 ಸಲ ಅಳೆಯುತ್ತಾರೆ. ಒಂದೊಂದು ಅಳತೆಯೂ ಒಂದು ಸಂಖ್ಯೆ. ಆ ಸಂಖ್ಯೆಗಳನ್ನು ಒಂದೊಂದಾಗಿ ಕಳಿಸಿದರೆ ಕಂಪ್ಯೂಟರಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಅದಕ್ಕೇ 128 ಸಂಖ್ಯೆಗಳನ್ನು ಒಂದು ಕಂತೆ ಕಟ್ಟಿ ಕೊಡುತ್ತಾರೆ. ಈ ಕಂತೆಯೇ ಬಫರ್. 48,000ವನ್ನು 128ರಿಂದ ಭಾಗಿಸಿದರೆ ಸರಿಯಾಗಿ 375! ಅಂದರೆ ಒಂದು ಕಂತೆ ಬಂದು ಮುಂದಿನದು ಬರುವುದರ ನಡುವೆ ಸಿಗುವುದು 2.7 ಮಿಲಿಸೆಕೆಂಡ್. ಅಷ್ಟರೊಳಗೆ ಆ 128 ಸಂಖ್ಯೆಗಳನ್ನು ಡಿಸ್ಕಿಗೆ ಬರೆಯಲೆಂದು ಎತ್ತಿಟ್ಟು, ಮೊದಲೇ ರೆಕಾರ್ಡಾದ ತಂಬೂರಿಯ ಜೊತೆ ಕೂಡಿಸಿ, ಒಂದಿಷ್ಟು ಪ್ರತಿಧ್ವನಿಯ ಗುಂಗು ಸೇರಿಸಿ, ಹಾಡುವವರ ಹೆಡ್‌ಫೋನಿಗೆ ತಲುಪಿಸಬೇಕು.

ನಮಗೆ 2.7 ಮಿಲಿಸೆಕೆಂಡ್ ಇದ್ದೂ ಇಲ್ಲದಂಥ ಕಾಲ. ಆದರೆ 2.5 ಗಿಗಾಹರ್ಟ್ಸ್‌ನ ಹಳೆಯ ಐ5 ಪ್ರೊಸೆಸರಿನ ಒಂದೇ ಕೋರ್ ಅಷ್ಟು ಹೊತ್ತಿನಲ್ಲಿ 66 ಲಕ್ಷ ಸಲ ಮಿಡಿದಿರುತ್ತದೆ. 128 ಸಂಖ್ಯೆಗಳಿಗೆ 66 ಲಕ್ಷ ಮಿಡಿತ! ಅದು ಕೆಲಸ ಮುಗಿಸಿ, ಕೈಕಟ್ಟಿ, ಮುಂದಿನ ಕಂತೆಗಾಗಿ ಬಾಗಿಲಲ್ಲಿ ಕಾಯುತ್ತಿರುತ್ತದೆ. ಇದು ತಿಳಿದ ಕ್ಷಣದಿಂದ ಹೊಸ ಕಂಪ್ಯೂಟರಿನ ಜಾಹೀರಾತುಗಳನ್ನು ನಾನು ಬೇರೆಯೇ ಕಣ್ಣಿನಿಂದ ನೋಡತೊಡಗಿದೆ. ಪ್ರೊಸೆಸರಿಗೆ ಶಕ್ತಿ ಸಾಲದೆ ಹಾಡು ಒಡೆಯುವುದು ಬಹಳ ಅಪರೂಪ. ಹಾಡು ಒಡೆದ ಕ್ಷಣದಲ್ಲಿ ಸಾಮಾನ್ಯವಾಗಿ ವೈಫೈ ಚಿಪ್ಪು 'ಸ್ವಲ್ಪ ಇಲ್ಲಿ ನೋಡು' ಎಂದು ಅಡ್ಡ ಬಂದಿರುತ್ತದೆ, ಇಲ್ಲವೇ ಬ್ಯಾಟರಿ ಉಳಿಸಲೆಂದು ಪ್ರೊಸೆಸರನ್ನು ಯಾರೋ ತೂಕಡಿಸಲು ಬಿಟ್ಟಿರುತ್ತಾರೆ. ರೆಕಾರ್ಡಿಂಗಿಗೆ ಕೂರುವಾಗ ವೈಫೈ, ಬ್ಲೂಟೂತ್ ಆರಿಸಿ, ಪವರ್ ಸೆಟ್ಟಿಂಗನ್ನು ಪೂರ್ಣ ಸಾಮರ್ಥ್ಯಕ್ಕೆ ತಿರುಗಿಸಿ ನೋಡಿ. ಒಂದು ಪೈಸೆ ಖರ್ಚಿಲ್ಲದೆ ಅರ್ಧ ಸಮಸ್ಯೆ ಮಾಯ.

ಇನ್ನೊಂದು ಅಳತೆಯನ್ನೂ ಹೇಳಿಯೇ ಮುಂದೆ ಹೋಗಬೇಕು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. 2.7 ಮಿಲಿಸೆಕೆಂಡಿನಲ್ಲಿ ಅದು ಒಂದು ಮೀಟರನ್ನೂ ದಾಟುವುದಿಲ್ಲ. ಧ್ವನಿ ಕಂಪ್ಯೂಟರಿನ ಒಳಗೆ ಹೋಗಿ, ಹೊರಗೆ ಬಂದು, ಕಿವಿ ಮುಟ್ಟುವ ಪೂರ್ತಿ ಸುತ್ತಿಗೆ ಎಂಟು ಹತ್ತು ಮಿಲಿಸೆಕೆಂಡ್ ಹಿಡಿಯಿತು ಎಂದುಕೊಳ್ಳಿ. ಅದು ಗಾಳಿಯಲ್ಲಿ ಮೂರು ಮೀಟರಿನ ದೂರಕ್ಕೆ ಸಮ. ಕಚೇರಿಯ ವೇದಿಕೆಯಲ್ಲಿ ಗಾಯಕರಿಗೂ ಮೃದಂಗದವರಿಗೂ ನಡುವೆ ಇರುವ ಅಂತರಕ್ಕಿಂತ ತುಸು ಹೆಚ್ಚು, ಅಷ್ಟೇ! ಆ ವಿಳಂಬದೊಳಗೇ ನಮ್ಮವರು ತನಿ ಆವರ್ತನ ನುಡಿಸಿ, ಮುಕ್ತಾಯ ಹಾಕಿ, ಸಮಕ್ಕೆ ಬಂದು ಕೂತಿದ್ದಾರಲ್ಲ.

ಎಸ್.ಪಿ. ರಸ್ತೆಗೆ ಈಗ ಹೋಗಲು ಒಂದು ವಿಶೇಷ ಕಾರಣವೂ ಇದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ ಮುಗಿಯಿತು. ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯ ಪ್ರೊಸೆಸರ್ ಇರುವ ಬಹುತೇಕ ಯಂತ್ರಗಳನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದೇ ಇಲ್ಲ. ಆಫೀಸುಗಳಿಗೆ ಅವು ಬೇಡ. ನಮಗೆ ಬೇಕು! ಕೀಲಿಮಣೆ ಗಟ್ಟಿ, ಮೈ ಗಟ್ಟಿ, ತಿರುಪು ಬಿಚ್ಚಿದರೆ ಒಳಗಿನದೆಲ್ಲ ಕೈಗೆ ಸಿಗುವ ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್‌ಗಳು ಹದಿನೈದು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತವೆ.

ಅಂಗಡಿಯ ಹುಡುಗ ಕೇಳಿದ, "ಏನಕ್ಕೆ ಸರ್? ಗೇಮಿಂಗಾ, ಎಡಿಟಿಂಗಾ?"

"ಹಾಡು ರೆಕಾರ್ಡ್ ಮಾಡೋದಕ್ಕೆ."

ಅವನು ಹೊಳೆಯುತ್ತಿದ್ದ ಒಂದನ್ನು ಬದಿಗಿಟ್ಟು, ಮುಚ್ಚಳದ ಮೇಲೆ ಗೀರು ಬಿದ್ದಿದ್ದ ಇನ್ನೊಂದನ್ನು ಎಳೆದು ಆನ್ ಮಾಡಿ, ಮಗುವನ್ನು ಎತ್ತಿಕೊಳ್ಳುವ ಹಾಗೆ ಎತ್ತಿ ನನ್ನ ಕಿವಿಯ ಹತ್ತಿರ ಹಿಡಿದ. "ಹಂಗಾದ್ರೆ ಮೊದ್ಲು ಫ್ಯಾನ್ ಕೇಳಿ ಸರ್. ಇದು ಕೂಗಲ್ಲ."

ಎಂಥ ಜಾಣ! ಸ್ಪೆಸಿಫಿಕೇಶನ್ ಪಟ್ಟಿಗಳಲ್ಲಿ ಯಾರೂ ಬರೆಯದ, ಆದರೆ ಹಾಡುವವರಿಗೆ ಎಲ್ಲಕ್ಕಿಂತ ಮುಖ್ಯವಾದ ಗುಣ ಅದು. ಮೈಕು ಪಕ್ಕದಲ್ಲೇ ಇರುತ್ತದೆ. ಫ್ಯಾನು ಗೊರಗೊರ ಎಂದರೆ ಪ್ರತಿ ಸಾಲಿನ ಕೊನೆಯ ಕಾರ್ವೈಯಲ್ಲೂ ಅದರ ಪಾಲಿರುತ್ತದೆ.

ಮನೆಗೆ ತಂದು ಹಿಂಬದಿ ಬಿಚ್ಚಿದರೆ ಆ ಫ್ಯಾನಿನ ಒಳಗೆ ಆಫೀಸಿನ ಅಷ್ಟೂ ವರ್ಷಗಳ ಧೂಳು ಬೂದು ಬಣ್ಣದ ಕಂಬಳಿಯಾಗಿ ಕೂತಿತ್ತು. ಮೆತ್ತನೆಯ ಬ್ರಷ್ಷಿನಿಂದ ಅದನ್ನು ಎಬ್ಬಿಸಿ, ಪ್ರೊಸೆಸರಿನ ಮೇಲೆ ಒಣಗಿ ಬಿರುಕುಬಿಟ್ಟಿದ್ದ ಥರ್ಮಲ್ ಪೇಸ್ಟನ್ನು ಒರೆಸಿ, ಕಡಲೆಕಾಳಿನಷ್ಟು ಹೊಸದನ್ನು ಹಚ್ಚಿದೆ. ತಿರುಗುವ ಹಾರ್ಡ್‌ಡಿಸ್ಕನ್ನು ಕಳಚಿ ಆ ಜಾಗದಲ್ಲಿ 500 ಜಿಬಿಯ ಎಸ್‌ಎಸ್‌ಡಿ ಕೂರಿಸಿದೆ. ರ‍್ಯಾಮ್ 8 ಜಿಬಿ ಇತ್ತು. ಇನ್ನೊಂದು 8 ಜಿಬಿ ಸೇರಿಸಲು ಖಾಲಿ ಜಾಗವೂ ಇತ್ತು. ಮುಚ್ಚಳ ಹಾಕಿ ಆನ್ ಮಾಡಿದೆ. ಸದ್ದೇ ಇಲ್ಲ! ಪರದೆ ಬೆಳಗುವವರೆಗೂ ಆನ್ ಆಗಿದೆಯೋ ಇಲ್ಲವೋ ಎಂದು ಗೊತ್ತಾಗಲಿಲ್ಲ.

ಈಗ ಎರಡನೆಯ ಬೆರಗು. ಲ್ಯಾಪ್‌ಟಾಪಿಗೇ ಒಂದು ಮೈಕಿನ ತೂತು ಇರುತ್ತದೆ ನಿಜ, ಅದನ್ನು ಮರೆತುಬಿಡಿ. ಬೇಕಾದದ್ದು ಯುಎಸ್‌ಬಿಗೆ ಸಿಕ್ಕಿಸುವ, ಅಂಗೈಗಿಂತ ತುಸು ದೊಡ್ಡದಾದ ಆಡಿಯೊ ಇಂಟರ್‌ಫೇಸ್ ಎಂಬ ಪೆಟ್ಟಿಗೆ. ಬೆಹ್ರಿಂಗರ್ ಕಂಪನಿಯ ಚಿಕ್ಕದು ಐದಾರು ಸಾವಿರದ ಒಳಗೆ ಬರುತ್ತದೆ, ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೊ ಹತ್ತು ಸಾವಿರ ದಾಟುತ್ತದೆ. ಇಷ್ಟು ಅಗ್ಗದ ಸ್ಕಾರ್ಲೆಟ್ ಪೆಟ್ಟಿಗೆ 24 ಬಿಟ್‌ನಲ್ಲಿ ಧ್ವನಿಯನ್ನು ಅಳೆಯುತ್ತದೆ ಎಂಬುದನ್ನು ಮೊದಲು ಕೇಳಿದಾಗ ನಂಬಲು ಕಷ್ಟವಾಯಿತು. 24 ಬಿಟ್ ಅಂದರೆ ಒಂದೊಂದು ಅಳತೆಗೂ 1,67,77,216 ಮೆಟ್ಟಿಲುಗಳು! ಸಿ.ಡಿ.ಯ 16 ಬಿಟ್‌ನಲ್ಲಿ ಇದ್ದದ್ದು 65,536. ಅಂಥ ಸೂಕ್ಷ್ಮ ತಕ್ಕಡಿಯನ್ನು ಇಷ್ಟು ಕಡಿಮೆ ಬೆಲೆಗೆ ಹೇಗೆ ಮಾರುತ್ತಾರೆ?

ಉತ್ತರ ಸಿಗ್ಮಾ-ಡೆಲ್ಟಾ ಎಂಬ ಉಪಾಯದಲ್ಲಿದೆ. ಕಿರಾಣಿ ಅಂಗಡಿಯವರು ಬೇಳೆ ತೂಗುವಾಗ ಒಂದು ಚಿಟಿಕೆ ಹಾಕಿ, ಜಾಸ್ತಿಯಾಯಿತೆಂದು ತೆಗೆದು, ಕಡಿಮೆಯಾಯಿತೆಂದು ಮತ್ತೆ ಹಾಕುತ್ತಾರಲ್ಲ, ಈ ಚಿಪ್ಪು ಮಾಡುವುದೂ ಅದನ್ನೇ. 'ಹೆಚ್ಚೋ ಕಡಿಮೆಯೋ' ಎಂಬ ಒಂದೇ ಒರಟು ಪ್ರಶ್ನೆಯನ್ನು ಸೆಕೆಂಡಿಗೆ ಮೂವತ್ತು ಲಕ್ಷಕ್ಕೂ ಹೆಚ್ಚು ಸಲ ಕೇಳುತ್ತದೆ. ಪ್ರತಿ ಸಲ ಉಳಿದ ತಪ್ಪನ್ನು ಮುಂದಿನ ಪ್ರಶ್ನೆಗೆ ಸೇರಿಸಿಕೊಳ್ಳುತ್ತದೆ. ಕೊನೆಗೆ ಆ ಉತ್ತರಗಳ ರಾಶಿಯನ್ನು ಸೋಸಿ 48,000 ಅತಿ ನಿಖರ ಸಂಖ್ಯೆಗಳನ್ನು ತೆಗೆಯುತ್ತದೆ. ಹಿಂದೆ ಇದೇ ನಿಖರತೆಗೆ ಒಂದಕ್ಕೊಂದು ಕರಾರುವಾಕ್ಕಾಗಿ ಹೊಂದುವ ಬಿಡಿಭಾಗಗಳು ಬೇಕಿದ್ದವು, ಅವು ದುಬಾರಿ. ಈಗ ಆ ಭಾರವೆಲ್ಲ ವೇಗದ ಮತ್ತು ಲೆಕ್ಕದ ಮೇಲೆ ಬಿದ್ದಿದೆ. ಲೆಕ್ಕ ಮಾಡುವ ಸಿಲಿಕಾನ್ ವರ್ಷವರ್ಷವೂ ಅಗ್ಗವಾಯಿತು. ಸಂಗೀತ ಮನೆಯೊಳಗೆ ಬಂದದ್ದರ ಹಿಂದಿನ ನಿಜವಾದ ಕಾರಣಗಳಲ್ಲಿ ಇದೊಂದು ಎಂದು ನಾನು ದೃಢವಾಗಿ ನಂಬಿದ್ದೇನೆ.

ಪೆಟ್ಟಿಗೆಯ ಮೇಲೆ '48 ವಿ' ಎಂದು ಬರೆದ ಒಂದು ಪುಟ್ಟ ಗುಂಡಿ ಇರುತ್ತದೆ. ಒತ್ತಿದರೆ ಕೆಂಪು ದೀಪ. ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟ್ ವಿದ್ಯುತ್ತು, ಧ್ವನಿ ಬರುವ ಅದೇ ಕೇಬಲ್ಲಿನಲ್ಲಿ ಎದುರು ದಿಕ್ಕಿಗೆ ಹರಿಯುತ್ತದೆ. 48 ಯಾಕೆ, 50 ಯಾಕಲ್ಲ? ಇದರ ಬೇರು ನಾರ್ವೆಯ ಚಳಿಗಾಲದ ಕತ್ತಲಲ್ಲಿದೆ! 1966ರಲ್ಲಿ ಜರ್ಮನಿಯ ನಾಯ್ಮನ್ ಕಂಪನಿ ನಾರ್ವೆಯ ರೇಡಿಯೊ ಸಂಸ್ಥೆಗೆ ಹೊಸ ಮೈಕುಗಳನ್ನು ಮಾಡಿಕೊಟ್ಟಿತು. ಹಗಲೇ ಕತ್ತಲಾಗುವ ಆ ನಾಡಿನ ಸ್ಟುಡಿಯೊಗಳಲ್ಲಿ ಹೆಚ್ಚುವರಿ ದೀಪಗಳಿಗಾಗಿ 48 ವೋಲ್ಟಿನ ವ್ಯವಸ್ಥೆ ಮೊದಲೇ ಇತ್ತು. ಮೈಕಿಗೂ ಅದನ್ನೇ ಕೊಟ್ಟರು. ಅದೇ ಜಗತ್ತಿನ ರೂಢಿಯಾಯಿತು. ಇವತ್ತು ದಾವಣಗೆರೆಯ ಕೋಣೆಯೊಂದರಲ್ಲಿ ಯಾರೋ ಆ ಗುಂಡಿ ಒತ್ತಿದಾಗ ಹರಿಯುವುದು ನಾರ್ವೆಯ ಸ್ಟುಡಿಯೊ ದೀಪಗಳ ಆ ಹಳೆಯ ಸಂಖ್ಯೆಯೇ.

ಸಂಖ್ಯೆಗಳ ಈ ಚರಿತ್ರೆಗೆ ಕೊನೆಯೇ ಇಲ್ಲ. ಸಿ.ಡಿ.ಯ ವಿಚಿತ್ರ ಸಂಖ್ಯೆ 44,100 ಎಲ್ಲಿಂದ ಬಂತು ಎಂದು ಕೆದಕಿದರೆ ವಿಡಿಯೊ ಟೇಪ್ ಸಿಗುತ್ತದೆ. ಆ ಕಾಲದಲ್ಲಿ ಇಷ್ಟೊಂದು ಅಂಕಿಗಳನ್ನು ಹಿಡಿದಿಡಲು ಇದ್ದ ಕೈಗೆಟಕುವ ಯಂತ್ರ ವಿಡಿಯೊ ರೆಕಾರ್ಡರ್ ಒಂದೇ. ಚಿತ್ರದ ಒಂದು ಫೀಲ್ಡಿನ 245 ಗೆರೆಗಳಲ್ಲಿ ಗೆರೆಗೆ 3 ಅಳತೆ, ಸೆಕೆಂಡಿಗೆ 60 ಫೀಲ್ಡ್. ಗುಣಿಸಿ ನೋಡಿ: 44,100!

ಮೈಕಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ಬೀದಿಯ ಪಕ್ಕದ ಮನೆ, ಸಾಲದ್ದಕ್ಕೆ ಮೇಲಿನ ಮಹಡಿಯಲ್ಲಿ ಮಕ್ಕಳು ಎಂದಾದರೆ ಕಂಡೆನ್ಸರ್ ಬೇಡ. ಅದಕ್ಕೆ ಎಲ್ಲವೂ ಕೇಳುತ್ತದೆ, ಪಕ್ಕದ ಮನೆಯ ಕುಕ್ಕರಿನ ಸೀಟಿಯೂ. 1966ರಿಂದ ಹೆಚ್ಚುಕಡಿಮೆ ಅದೇ ರೂಪದಲ್ಲಿ ಬರುತ್ತಿರುವ ಶೂರ್ ಎಸ್‌ಎಂ58ರಂಥ ಡೈನಮಿಕ್ ಮೈಕು ತನ್ನ ಮುಂದೆ ಬಂದು ಹಾಡುವವರನ್ನಷ್ಟೇ ಹೆಚ್ಚಾಗಿ ಆಲಿಸುತ್ತದೆ. ಅದು ದುಬಾರಿ ಎನಿಸಿದರೆ ಅದೇ ಬಗೆಯ ಅಗ್ಗದವೂ ಇವೆ. ಕಿವಿಯನ್ನು ಪೂರ್ತಿ ಮುಚ್ಚುವ ಒಂದು ಹೆಡ್‌ಫೋನ್, ಒಂದು ಸ್ಟ್ಯಾಂಡ್, ಒಂದು ಎಕ್ಸ್‌ಎಲ್‌ಆರ್ ಕೇಬಲ್. ಸ್ಪೀಕರುಗಳು ಮುಂದಿನ ವರ್ಷಕ್ಕಿರಲಿ. ಎಲ್ಲ ಸೇರಿ ಮೂವತ್ತೈದು ಸಾವಿರದ ಸುತ್ತಮುತ್ತ ನಿಲ್ಲುತ್ತದೆ.

ತಂತ್ರಾಂಶಕ್ಕೆ ಇದರಲ್ಲಿ ಒಂದು ರೂಪಾಯಿಯನ್ನೂ ಸೇರಿಸಿಲ್ಲ, ಗಮನಿಸಿದಿರಾ? ಆಡಾಸಿಟಿ ಉಚಿತ. ಲಿನಕ್ಸ್ ಹಾಕಿಕೊಂಡರೆ ಆರ್ಡರ್ ಎಂಬ ಪೂರ್ಣ ಪ್ರಮಾಣದ ಸ್ಟುಡಿಯೊ ಬಹುತೇಕ ಆವೃತ್ತಿಗಳಲ್ಲಿ ಹಾಗೆಯೇ ಸಿಗುತ್ತದೆ. ರೀಪರ್ ಅರವತ್ತು ದಿನ ಉಚಿತ, ಆಮೇಲೆ ಮನೆಬಳಕೆಯವರಿಗೆ 60 ಡಾಲರ್. ಅದನ್ನು ಬರೆದವರು ಜಸ್ಟಿನ್ ಫ್ರಾಂಕೆಲ್, ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಸೈಬರ್ ಕೆಫೆಗಳಲ್ಲೆಲ್ಲ ಹಾಡುತ್ತಿದ್ದ ವಿನ್‌ಆಂಪ್ ಮಾಡಿದವರೇ! ವಿಂಡೋಸಿನಲ್ಲೇ ಇರುತ್ತೇನೆ ಎನ್ನುವವರು ಇಂಟರ್‌ಫೇಸ್ ಕಂಪನಿ ಕೊಡುವ ಆಸಿಯೊ ಡ್ರೈವರನ್ನು ತಪ್ಪದೆ ಹಾಕಿಕೊಳ್ಳಬೇಕು. 1997ರಲ್ಲಿ ಸ್ಟೈನ್‌ಬರ್ಗ್ ಕಂಪನಿ ರೂಪಿಸಿದ ಈ ಒಳದಾರಿಯಲ್ಲಿ ಧ್ವನಿ ವಿಂಡೋಸಿನ ಸರದಿಯಲ್ಲಿ ನಿಲ್ಲದೆ ನೇರ ತಂತ್ರಾಂಶಕ್ಕೆ ಹೋಗುತ್ತದೆ.

ಲಿನಕ್ಸಿನ ಕಥೆ ಇನ್ನೂ ರೋಮಾಂಚಕ. 'ಹೊತ್ತಿಗೆ ಸರಿಯಾಗಿ' ಎಂಬ ಆ ಒಂದೇ ಗುಣಕ್ಕಾಗಿ ಪ್ರೋಗ್ರಾಮರುಗಳ ಒಂದು ಗುಂಪು ಸುಮಾರು ಇಪ್ಪತ್ತು ವರ್ಷ ದುಡಿಯಿತು. ಇಂಥ ಕೆಲಸ ಇಂಥ ಗಡುವಿನೊಳಗೆ ಆಗಲೇಬೇಕು, ಉಳಿದದ್ದೆಲ್ಲ ಬದಿಗೆ ಸರಿಯಬೇಕು ಎಂಬ ಶಿಸ್ತನ್ನು ಲಿನಕ್ಸಿನ ತಿರುಳಿನೊಳಗೆ ಸಾಲುಸಾಲಾಗಿ ಹೆಣೆಯುತ್ತ ಬಂದರು. ಅದರ ಕೊನೆಯ ಕಂತು 2024ರಲ್ಲಿ, 6.12ನೇ ಆವೃತ್ತಿಯಲ್ಲಿ, ಮುಖ್ಯ ಲಿನಕ್ಸಿಗೇ ಸೇರಿತು. ಕಾರ್ಖಾನೆಯ ರೋಬೋಟುಗಳಿಗೆ ಬೇಕಾದ ಅದೇ ಸಮಯಪಾಲನೆ ಈಗ ನಮ್ಮ ಹಿಂದೋಳ ರಾಗಕ್ಕೂ ಉಚಿತ. ಯುಎಸ್‌ಬಿ ಆಡಿಯೊದ ಸಾಮಾನ್ಯ ನಿಯಮ ಪಾಲಿಸುವ ಇಂಟರ್‌ಫೇಸುಗಳಿಗೆ ಅಲ್ಲಿ ಡ್ರೈವರೂ ಬೇಡ. ಸಿಕ್ಕಿಸಿದರೆ ಹಾಡುತ್ತದೆ.

ಒಂದು ಹಾಡು ರೆಕಾರ್ಡ್ ಮಾಡಲು ಹಿಂದಿನವರು ಎಷ್ಟು ದೂರ ಹೋಗಬೇಕಿತ್ತು ನೆನೆಸಿಕೊಳ್ಳಿ. ಕನ್ನಡ ಸಿನಿಮಾದ ಹಾಡುಗಳಿಗಾಗಿ ದಶಕಗಳ ಕಾಲ ಗಾಯಕರೂ ವಾದ್ಯದವರೂ ಮದರಾಸಿಗೆ ರೈಲು ಹತ್ತುತ್ತಿದ್ದರು. ಆ ಪ್ರಯಾಣ ತಪ್ಪಿಸಬೇಕೆಂದು ಶಂಕರ್‌ನಾಗ್ ಬೆಂಗಳೂರಿನಲ್ಲಿ 'ಸಂಕೇತ್' ಸ್ಟುಡಿಯೊ ಕಟ್ಟಿದ್ದು ನಮ್ಮ ನಾಡಿನ ಮಟ್ಟಿಗೆ ಎಷ್ಟು ದೊಡ್ಡ ಸಾಹಸವಾಗಿತ್ತು! ಈಗಿನ ಕಾಲ ನೋಡಿ: 2020ರ ಜನವರಿಯಲ್ಲಿ ಗ್ರ್ಯಾಮಿಯ ಪ್ರಮುಖ ನಾಲ್ಕೂ ಪ್ರಶಸ್ತಿ ಬಾಚಿಕೊಂಡ ಅಮೆರಿಕದ ಗಾಯಕಿ ಬಿಲಿ ಐಲಿಷ್ ತನ್ನ ಆ ಆಲ್ಬಂ ಹಾಡಿದ್ದು ಲಾಸ್ ಏಂಜಲಿಸ್‌ನ ತಂದೆತಾಯಿಯ ಮನೆಯಲ್ಲಿ, ಅಣ್ಣ ಫಿನಿಯಾಸ್ ಮಲಗುತ್ತಿದ್ದ ಕೋಣೆಯಲ್ಲಿ.

ಕೋಣೆ ಎಂದೆನಲ್ಲ, ಅದೇ ಮೂರನೆಯ ಬೆರಗು. ಯಂತ್ರ ಸಿದ್ಧ, ಮೈಕು ಸಿದ್ಧ, ರೆಕಾರ್ಡ್ ಗುಂಡಿ ಒತ್ತಿ ಯಾರೂ ಹಾಡದೆ ಒಂದು ನಿಮಿಷ ಸುಮ್ಮನಿದ್ದು, ಆ ಮೌನವನ್ನು ಜೋರು ಮಾಡಿ ಕೇಳಿ. ಅಬ್ಬಾ, ನಮ್ಮ ಮನೆಗಳು ಎಷ್ಟು ಮಾತಾಡುತ್ತವೆ! ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ, ಟ್ಯೂಬ್‌ಲೈಟಿನ ಚೋಕ್, ಸೀಲಿಂಗ್ ಫ್ಯಾನು, ಸಂಪಿನ ಮೋಟಾರು. ಇವೆಲ್ಲದರ ಅಡಿಯಲ್ಲಿ ನಮ್ಮ ಕರೆಂಟಿನ 50 ಹರ್ಟ್ಸ್ ನಾದ, ಅದರ ಮಕ್ಕಳಾದ 100, 150. ಈಗ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತುಬಿಡಿ. ಅರ್ಥಿಂಗ್ ಸರಿಯಿಲ್ಲದ ಎಷ್ಟೋ ಮನೆಗಳಲ್ಲಿ ಆ ಕರೆಂಟಿನ ನಾದದ ದೊಡ್ಡ ಭಾಗ ತಟ್ಟನೆ ಕತ್ತರಿಸಿದಂತೆ ನಿಲ್ಲುತ್ತದೆ. ಯುಎಸ್‌ಬಿಯಿಂದಲೇ ವಿದ್ಯುತ್ತು ಪಡೆಯುವ ಇಂಟರ್‌ಫೇಸು, ಬ್ಯಾಟರಿಯ ಮೇಲಿರುವ ಲ್ಯಾಪ್‌ಟಾಪು. ಗೋಡೆಯ ಕರೆಂಟಿಗೂ ನಮಗೂ ಸಂಬಂಧವೇ ಇಲ್ಲ. ಡೆಸ್ಕ್‌ಟಾಪು ಅಗ್ಗವಾದರೂ ನಾನು ಹಳೆಯ ಲ್ಯಾಪ್‌ಟಾಪಿನ ಪರವಾಗಿ ವಾದಿಸುವುದು ಇದೇ ಕಾರಣಕ್ಕೆ.

ಇದರ ಮುಂದಿನ ಹೆಜ್ಜೆ ಹೊಳೆದಾಗ ನಾನು ಎದ್ದು ನಿಂತುಬಿಟ್ಟೆ. ಲೋಡ್‌ಶೆಡ್ಡಿಂಗ್! ಕರೆಂಟು ಹೋದ ಆ ಒಂದು ಗಂಟೆಯಲ್ಲಿ ಇಡೀ ಓಣಿಯ ಫ್ರಿಜ್ಜು, ಫ್ಯಾನು, ಮೋಟಾರು, ಟಿ.ವಿ., ಎದುರಿನ ಗಿರಣಿ ಎಲ್ಲವೂ ಒಟ್ಟಿಗೆ ಬಾಯಿ ಮುಚ್ಚುತ್ತವೆ. ಮಹಾನಗರದ ಸ್ಟುಡಿಯೊಗಳು ಎರಡೆರಡು ಗೋಡೆ ಕಟ್ಟಿಸಿ ಪಡೆಯುವ ನಿಶ್ಶಬ್ದ ನಮ್ಮ ಸಣ್ಣ ಊರುಗಳಿಗೆ ತಾನಾಗಿ ಬಂದು ಹೋಗುತ್ತದೆ. ಬ್ಯಾಟರಿ ತುಂಬಿಸಿಟ್ಟುಕೊಂಡು ಆ ಹೊತ್ತಿಗೆ ಕಾಯುವವರಿಗೆ ಅದು ಬಂಗಾರದ ವೇಳೆ.

ಪ್ರತಿಧ್ವನಿಗೆ ಅಂಗಡಿಯ ತೆಳು ಫೋಮು ತಂದು ಗೋಡೆಗೆ ಅಂಟಿಸಬೇಡಿ. 100 ಹರ್ಟ್ಸಿನ ಒಂದು ಅಲೆ ಮೂರು ಮೀಟರಿಗೂ ಉದ್ದ. ಒಂದು ಅಂಗುಲದ ಫೋಮು ಅದನ್ನು ತಡೆದೀತೇ? ನಮ್ಮ ಟೈಲ್ಸ್ ನೆಲ, ಬರಿಯ ಗೋಡೆಯ ಕೋಣೆಗಳಲ್ಲಿ ದಪ್ಪ ಹತ್ತಿ ಹಾಸಿಗೆಯನ್ನು ಹಾಡುವವರ ಬೆನ್ನ ಹಿಂದೆ ನಿಲ್ಲಿಸಿ, ಕೆಳಗೆ ಜಮಖಾನ ಹಾಸಿ, ಬಟ್ಟೆ ತುಂಬಿದ ಬೀರುವಿನ ಬಾಗಿಲನ್ನು ತೆರೆದಿಡಿ. ವ್ಯತ್ಯಾಸ ಮೊದಲ ಸ್ವರಕ್ಕೇ ಗೊತ್ತಾಗುತ್ತದೆ.

ಇನ್ನು ನಾನು ಹೇಳಲೇಬೇಕೆಂದು ಕಾದಿದ್ದ ವಿಷಯ. ಒಂದು ಮಧ್ಯಾಹ್ನ, ಬಿಳಿ ಒಂದರ ಶ್ರುತಿಗೆ ಸೇರಿಸಿದ ಮರದ ತಂಬೂರಿಯ ಸಾರಣೆ ತಂತಿಯನ್ನು ಒಮ್ಮೆ ಮೀಟಿ, ಅದೊಂದೇ ನಾದ ಆರುವವರೆಗೆ ರೆಕಾರ್ಡ್ ಮಾಡಿ, ಆಡಾಸಿಟಿಯಲ್ಲಿ ಅದರ ಸ್ಪೆಕ್ಟ್ರಮ್ ತೆರೆದೆ. ಧ್ವನಿಯಲ್ಲಿ ಯಾವ ಯಾವ ಕಂಪನಗಳು ಎಷ್ಟೆಷ್ಟು ಅಡಗಿವೆ ಎಂದು ತೋರಿಸುವ ನಕ್ಷೆ ಅದು. ಒಂದೇ ತಂತಿ, ಒಂದೇ ಮೀಟು. ಪರದೆಯ ಮೇಲೆ ಶಿಖರಗಳ ಸಾಲು! 131 ಹರ್ಟ್ಸಿನಲ್ಲಿ ಷಡ್ಜ. 262ರಲ್ಲಿ ಅದರ ಮೇಲಿನ ಷಡ್ಜ. 392ರಲ್ಲಿ ಪಂಚಮ. 523ರಲ್ಲಿ ಮತ್ತೆ ಷಡ್ಜ. ಆಮೇಲೆ 654ರಲ್ಲಿ ನಿಂತಿತ್ತು ಅಂತರ ಗಾಂಧಾರ! ಯಾರೂ ಮೀಟದ ಗಾಂಧಾರ. ಶ್ರುತಿ ಚೆನ್ನಾಗಿ ಸೇರಿದ ತಂಬೂರಿಯಲ್ಲಿ ಗಾಂಧಾರ ತಾನಾಗಿ ಕೇಳುತ್ತದೆ ಎಂದು ಹಿರಿಯರು ಹೇಳುತ್ತಿದ್ದುದನ್ನು ಎಷ್ಟೋ ಸಲ ಕೇಳಿದ್ದೆ. ಇಲ್ಲಿ ಅದು ಬೆಟ್ಟದ ತುದಿಯಂತೆ ಕಣ್ಣಿಗೆ ಕಾಣುತ್ತಿತ್ತು. ಕೀಬೋರ್ಡಿನ ಅದೇ ಸ್ವರ 659 ಹರ್ಟ್ಸ್. ತಂಬೂರಿಯದು ಐದು ಹರ್ಟ್ಸ್ ಕೆಳಗೆ. ಹಾರ್ಮೋನಿಯಮ್ಮಿನ ಜೊತೆ ಹಾಡುವಾಗ ಗಾಂಧಾರದಲ್ಲಿ ಆಗುವ ಆ ಸಣ್ಣ ಇರುಸುಮುರುಸು ಎಲ್ಲಿಂದ ಬರುತ್ತದೆ ಎಂದು ಹದಿನೈದು ಸಾವಿರದ ಯಂತ್ರ ಬೆರಳಿಟ್ಟು ತೋರಿಸಿತು.

ಕಥೆ ಇಲ್ಲಿಗೂ ನಿಲ್ಲುವುದಿಲ್ಲ. ತಂತಿಯನ್ನು ಸರಿಯಾಗಿ ಮಧ್ಯದಲ್ಲಿ ಮೀಟಿದರೆ, ಮಧ್ಯಬಿಂದು ಅಲುಗದೆ ನಿಲ್ಲಬೇಕಾದ ಕಂಪನಗಳು, ಅಂದರೆ ಎರಡನೆಯದು, ನಾಲ್ಕನೆಯದು, ಆರನೆಯದು, ಹುಟ್ಟಲೇಬಾರದು. ಇದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಹೆಸರಿನ ನಿಯಮ. 1921ರಲ್ಲಿ ಕಲ್ಕತ್ತೆಯಲ್ಲಿದ್ದ ಸಿ.ವಿ. ರಾಮನ್ ವೀಣೆ ಮತ್ತು ತಂಬೂರಿಗಳ ಮೇಲೆ ಬರೆದ ಪ್ರಬಂಧದಲ್ಲಿ ಹೇಳಿದ್ದು ಬೆಚ್ಚಿಬೀಳಿಸುವಂಥದ್ದು: ಈ ವಾದ್ಯಗಳು ಆ ನಿಯಮವನ್ನು ಪಾಲಿಸುವುದಿಲ್ಲ! ಅಗಲವಾದ, ತುಸು ಉಬ್ಬಿದ ಕುದುರೆಯ ಮೇಲೆ ತಂತಿ ಸವರುತ್ತ ಕಂಪಿಸುವುದರಿಂದ, ಇರಬಾರದ ನಾದಗಳೂ ಹುಟ್ಟಿಕೊಳ್ಳುತ್ತವೆ. ತಂಬೂರಿಯಲ್ಲಿ ತಂತಿಯಡಿ ಸಿಕ್ಕಿಸುವ ಆ ಹತ್ತಿಯ ದಾರ ಇದೇ ಕೆಲಸವನ್ನು ಹದಕ್ಕೆ ತರುತ್ತದೆ. ನಾನು ಅಳತೆಪಟ್ಟಿ ಹಿಡಿದು ತಂತಿಯ ನಡುವನ್ನು ಗುರುತಿಸಿ ಅಲ್ಲೇ ಮೀಟಿದೆ. ಮೊದಲು ದಾರ ತೆಗೆದು, ಆಮೇಲೆ ಹಾಕಿ. ದಾರವಿಲ್ಲದಾಗ 262ರ ಶಿಖರ ಕುಗ್ಗಿತ್ತು. ದಾರವನ್ನು ಕೂದಲೆಳೆಯಷ್ಟು ಸರಿಸುತ್ತ, ನಾದ ಅರಳಿದ ಜಾಗದಲ್ಲಿ ನಿಲ್ಲಿಸಿ ಮತ್ತೆ ಮೀಟಿದಾಗ ಆ ಶಿಖರ ಎದ್ದು ನಿಂತಿತು. ಜಗತ್ತಿನ ಶ್ರೇಷ್ಠ ಭೌತವಿಜ್ಞಾನಿಯೊಬ್ಬರು ನೂರು ವರ್ಷದ ಹಿಂದೆ ಕಂಡ ಸಂಗತಿ, ಊಟದ ಮೇಜಿನ ಮೇಲೆ, ಬೇಡವೆಂದು ಬಿಸಾಡಿದ ಕಂಪ್ಯೂಟರಿನಲ್ಲಿ! ರಾಮನ್ 1933ರಲ್ಲಿ ಬೆಂಗಳೂರಿಗೆ ಬಂದರು. ಮರುವರ್ಷವೇ ಇಲ್ಲಿಂದ ನಮ್ಮ ತಾಳವಾದ್ಯಗಳ ಬಗ್ಗೆ, ಮಧ್ಯದ ಕಪ್ಪು ಕರಣೆ ಚರ್ಮದ ಗೊಂದಲದ ಸದ್ದನ್ನು ಹೇಗೆ ಸ್ವರವಾಗಿಸುತ್ತದೆ ಎಂಬ ಬಗ್ಗೆ, ಬರೆದರು. ಮನೆಯಲ್ಲಿ ಮೃದಂಗವಿದ್ದವರು ಒಂದು 'ಧೀಂ' ರೆಕಾರ್ಡ್ ಮಾಡಿ ನೋಡಲಿ. ಶಿಖರಗಳು ಅಲ್ಲಿಯೂ ಮೆಟ್ಟಿಲು ಮೆಟ್ಟಿಲಾಗಿ ನಿಂತಿರುತ್ತವೆ.

ಇಂಥ ಯಂತ್ರದಲ್ಲಿ ಬರಿಯ ಸಿನಿಮಾ ಹಾಡಿನ ಕವರ್ ಮಾಡುತ್ತಾರೆಂದರೆ ನನಗೆ ಸಂಕಟವೇನಿಲ್ಲ, ಮಾಡಲಿ. ಆದರೆ ಅದರ ಹೊಟ್ಟೆ ಎಷ್ಟು ದೊಡ್ಡದೆಂದು ಗೊತ್ತಿದ್ದರೆ ಆಸೆಯೂ ದೊಡ್ಡದಾಗುತ್ತದೆ. 24 ಬಿಟ್, 48,000ದ ಲೆಕ್ಕದಲ್ಲಿ ಒಂದು ಮೈಕಿನ ಧ್ವನಿ ಗಂಟೆಗೆ 518 ಎಂಬಿ. 500 ಜಿಬಿಯ ಎಸ್‌ಎಸ್‌ಡಿ ಖಾಲಿಯಿದ್ದರೆ ಸುಮಾರು 960 ಗಂಟೆ, ಅಂದರೆ ನಲವತ್ತು ಹಗಲು ನಲವತ್ತು ರಾತ್ರಿ! 1902ರ ನವೆಂಬರಿನಲ್ಲಿ ರೆಕಾರ್ಡಿಂಗ್ ತಜ್ಞ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯ ಹೋಟೆಲಿನ ಕೋಣೆಗಳನ್ನೇ ಸ್ಟುಡಿಯೊ ಮಾಡಿಕೊಂಡು ಗಾಯಕಿ ಗೌಹರ್ ಜಾನ್ ಅವರ ಧ್ವನಿಯನ್ನು ಮೇಣದ ತಟ್ಟೆಯಲ್ಲಿ ಹಿಡಿದಾಗ ಆಕೆಗೆ ಸಿಕ್ಕಿದ್ದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಹರಡಿಕೊಳ್ಳುವ ರಾಗವನ್ನು ಅಷ್ಟರಲ್ಲಿ ಅರಳಿಸಿ, ಮುಗಿಸಿ, ಕೊನೆಗೆ ತನ್ನ ಹೆಸರನ್ನೂ ಕೂಗಿ ಹೇಳಬೇಕಿತ್ತು. ನಮ್ಮ ಸಂಗೀತ ಎಷ್ಟೋ ದಶಕ ಆ ತಟ್ಟೆಯ ಅಳತೆಗೆ ಮೈ ಮುದುಡಿಕೊಂಡಿತ್ತು.

ಈಗ ಮುದುಡಬೇಕಿಲ್ಲ. ಮೈಸೂರು, ಮಂಡ್ಯ, ಚಾಮರಾಜನಗರದ ಕಡೆಯ ನೀಲಗಾರರು ಮಂಟೇಸ್ವಾಮಿಯ ಕಥೆಯನ್ನು, ದೇವರಗುಡ್ಡರು ಮಾದಪ್ಪನ ಕಥೆಯನ್ನು ರಾತ್ರಿಯಿಡೀ ಹಾಡುತ್ತಾರೆ. ಅವರ ಊರಿನ ಯಾರ ಮನೆಯಲ್ಲಾದರೂ ಇಂಥ ಒಂದು ಲ್ಯಾಪ್‌ಟಾಪು, ಎರಡು ಮೈಕು, ಎರಡನ್ನೂ ಸಿಕ್ಕಿಸಬಲ್ಲ ಒಂದು ಆಡಿಯೊ ಪೆಟ್ಟಿಗೆ, ತುಂಬಿದ ಬ್ಯಾಟರಿಯ ಇನ್ವರ್ಟರು ಇದ್ದರೆ ಸಾಕು, ಕಥೆ ಎಲ್ಲಿಯೂ ತುಂಡಾಗದೆ ಉಳಿಯುತ್ತದೆ. ಹಾಗೆ ಹೊರಡುವವರು ಒಂದು ವಿಷಯ ತಿಳಿದಿರಬೇಕು, ನನಗೂ ಇದು ಈಚೆಗಷ್ಟೇ ತಿಳಿದು ರೋಮಾಂಚನವಾಯಿತು. ನಾವೆಲ್ಲ ಬಳಸುವ ಡಬ್ಲ್ಯುಎವಿ ಫೈಲಿಗೆ 4 ಜಿಬಿಯ ಮಿತಿಯಿದೆ. ತನ್ನ ಗಾತ್ರವನ್ನು ಬರೆದುಕೊಳ್ಳಲು ಅದಕ್ಕಿರುವ ಜಾಗವೇ ಅಷ್ಟು. ಎರಡು ಮೈಕಿನ ಸ್ಟೀರಿಯೊ ಧ್ವನಿ ಆ ಮಿತಿಯನ್ನು ನಾಲ್ಕು ಗಂಟೆ ಎಂಟು ನಿಮಿಷಕ್ಕೆ ಮುಟ್ಟುತ್ತದೆ. ರಾತ್ರಿ ಹತ್ತಕ್ಕೆ ಕಥೆ ಶುರುವಾದರೆ ಎರಡೂಕಾಲು ಹೊಡೆಯುವ ಮೊದಲೇ ಫೈಲು ತುಂಬಿರುತ್ತದೆ, ಮಾದಪ್ಪ ಇನ್ನೂ ಏಳು ಮಲೆ ಏರಬೇಕಾಗಿರುತ್ತದೆ. ಅದಕ್ಕೇ ಹಾಡಿಗೆ ಮೊದಲು ರೀಪರಿನ ಸೆಟ್ಟಿಂಗಿಗೆ ಹೋಗಿ, ದೊಡ್ಡ ಫೈಲುಗಳಿಗೆಂದೇ ಇರುವ ವೇವ್64 ಅಥವಾ ಆರ್‌ಎಫ್64 ಆರಿಸಿಕೊಳ್ಳಿ. ಹಾಡುವವರು ಬಂದು ಕೂರುವ ಮೊದಲೇ ವೈಫೈ ಆರಿಸಿ, ಚಾರ್ಜರ್ ಕಿತ್ತಿಡಿ. ಬ್ಯಾಟರಿ ಇಳಿದಾಗ ಮತ್ತೆ ಸಿಕ್ಕಿಸಲು ಇನ್ವರ್ಟರಿನ ವೈರನ್ನು ಕೈಗೆಟಕುವಲ್ಲಿ ಇಟ್ಟುಕೊಳ್ಳಿ. ಬೆಳಗಿನ ಜಾವಕ್ಕೆ ಆ ಹಳೆಯ ಥಿಂಕ್‌ಪ್ಯಾಡ್ ಒಂದು ಕೋಟಿಗೂ ಮೀರಿ ಗಡುವುಗಳನ್ನು ದಾಟಿರುತ್ತದೆ.